ಮೂರೇ ತಿಂಗಳಿಗೆ ತೂಕದ ಕ್ಲಿನಿಕ್ ಬಿಟ್ಟೆವು, ತಪ್ಪು ನಮ್ಮದಾ?

ಪ್ರಶ್ನೆ: ನಮ್ಮ ಮಗನಿಗೆ ಹತ್ತು ವರ್ಷ. ಎತ್ತರ 139 ಸೆಂ.ಮೀ., ತೂಕ 54 ಕೆಜಿ. ನಾವಿರುವುದು ತುಮಕೂರಿನಲ್ಲಿ. ಶಾಲೆಯ ತಪಾಸಣೆಯಲ್ಲಿ ತೂಕ ಜಾಸ್ತಿ ಇದೆ ಅಂದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಬೊಜ್ಜಿಗೆಂದೇ ನಡೆಸುವ ಆರು ತಿಂಗಳ ಕಾರ್ಯಕ್ರಮಕ್ಕೆ ಸೇರಿಸಿದೆವು. ಹದಿನೈದು ದಿನಕ್ಕೊಮ್ಮೆ, ಶನಿವಾರ. ಮೊದಲ ತಿಂಗಳು ಒಂದೂವರೆ ಕೆಜಿ ಇಳಿದ, ಆಮೇಲೆ ಮತ್ತೆ ಒಂದು ಕೆಜಿ ಏರಿದ. 'ಮನೆಯಲ್ಲಿ ನೀವು ಸಹಕರಿಸುತ್ತಿಲ್ಲ' ಅಂದರು. ವಾಪಸ್ ಬರುವಾಗ ಮಗ ಬಸ್ಸಿನಲ್ಲಿ ಅತ್ತ. ಯಜಮಾನರು 'ಸಾಕು ಬಿಡು' ಅಂದರು. ಅತ್ತೆ 'ಬೆಳೆಯೋ ಹುಡುಗನಿಗೆ ಇದೆಲ್ಲ ಯಾಕೆ' ಅಂದರು. ಐದು ಸಲ ಹೋಗಿ ಬಿಟ್ಟುಬಿಟ್ಟೆವು. ಬೇರೆಯವರು ಹೇಗೆ ಪೂರ್ತಿ ಮುಗಿಸುತ್ತಾರೆ? ನಾವು ಸೋಮಾರಿಗಳಾ? ಮತ್ತೆ ಹೋಗಬೇಕಾ?

ಉತ್ತರ: ಸೋಮಾರಿಗಳಾ ಅಂತ ಕೇಳಿದ್ದೀರಲ್ಲ, ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಇಲ್ಲ. ಸೋಮಾರಿಗಳು ಮಗುವನ್ನು ಕರೆದುಕೊಂಡು ಎಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರುವುದಿಲ್ಲ, ಅದೂ ಐದು ಸಲ. ಇನ್ನು ಬೇರೆಯವರು ಹೇಗೆ ಮುಗಿಸುತ್ತಾರೆ ಅನ್ನುವುದಕ್ಕೆ ನಿಜವಾದ ಉತ್ತರ ಏನೆಂದರೆ, ತುಂಬಾ ಜನ ಮುಗಿಸುವುದೇ ಇಲ್ಲ. ಅಮೆರಿಕದ ಜೋಸೆಫ್ ಸ್ಕೆಲ್ಟನ್ ಮತ್ತು ಬೆಟಿನಾ ಬೀಚ್ ಎಂಬ ಇಬ್ಬರು 2011ರಲ್ಲಿ ಈ ಬಗ್ಗೆ ಅಲ್ಲಿಯವರೆಗೆ ಬಂದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮಕ್ಕಳ ತೂಕದ ಕಾರ್ಯಕ್ರಮಗಳನ್ನು ನಡುವೆ ಬಿಟ್ಟವರ ಪ್ರಮಾಣ ಶೇ 27ರಿಂದ ಶೇ 73ರವರೆಗೆ ಇತ್ತು. ಅಂದರೆ ಚೆನ್ನಾಗಿ ನಡೆಯುವ ಕಡೆಯೂ ನಾಲ್ಕರಲ್ಲಿ ಒಂದು ಮನೆ ಬಿಡುತ್ತದೆ, ಕೆಲವು ಕಡೆ ನಾಲ್ಕರಲ್ಲಿ ಮೂರು. ಅಲ್ಲಿ ಕಾರು ಇದೆ, ವಿಮೆ ಇದೆ, ಒಂದೇ ಸೂರಿನಡಿ ಡಾಕ್ಟರು, ಡಯಟೀಷಿಯನ್, ಮನಶ್ಶಾಸ್ತ್ರಜ್ಞರು ಎಲ್ಲರೂ ಇರುತ್ತಾರೆ. ಆದರೂ ಬಿಡುತ್ತಾರೆ.

ಆ ಎರಡು ಸಂಖ್ಯೆಗಳ ನಡುವೆ ಅಷ್ಟು ಅಂತರ ಯಾಕೆ ಅಂದರೆ 'ಬಿಟ್ಟರು' ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಲೆಕ್ಕ ಹಾಕುತ್ತಾರೆ. ಅದರಲ್ಲಿ ಬೇಕಾದ್ದು ಸಿಕ್ಕಿತು, ಇನ್ನು ಮನೆಯಲ್ಲೇ ನೋಡಿಕೊಳ್ಳುತ್ತೇವೆ ಅಂತ ನೆಮ್ಮದಿಯಾಗಿ ನಿಲ್ಲಿಸಿದವರೂ ಸೇರಿರುತ್ತಾರೆ. ರಿಜಿಸ್ಟರಿನಲ್ಲಿ ಅವರಿಗೂ ನಿಮಗೂ ಒಂದೇ ಗುರುತು. ನಾನು ಮಕ್ಕಳ ಡಾಕ್ಟರಾಗಿ ಇಪ್ಪತ್ತು ವರ್ಷ ದಾಟಿದೆ, ಬಂದು ನಿಂತುಹೋದ ಮನೆಗಳನ್ನು ಬಹಳ ನೋಡಿದ್ದೇನೆ. ಮಗುವಿನ ಮೇಲೆ ಕಾಳಜಿ ಇಲ್ಲದೆ ಬಿಟ್ಟವರು ಅಂತ ನೆನಪಿಗೆ ಬರುವವರು ಒಬ್ಬರೂ ಇಲ್ಲ.

ಹಾಗಾದರೆ ಯಾಕೆ ಬಿಡುತ್ತಾರೆ? ಮೊದಲು ಸಮಯದ ಲೆಕ್ಕ ನೋಡಿ, ಎಲ್ಲರೂ ಎಡವುವುದು ಅಲ್ಲೇ. ಮಕ್ಕಳ ಬೊಜ್ಜಿಗೆ ಡಯಟ್, ಆಟ, ಮನೆಯ ಅಭ್ಯಾಸ ಎಲ್ಲ ಸೇರಿಸಿ ಕಲಿಸುವ ಚಿಕಿತ್ಸೆ ಕೆಲಸ ಮಾಡಬೇಕಾದರೆ ಕನಿಷ್ಠ 26 ಗಂಟೆ ಮುಖಾಮುಖಿ ಸಮಯ ಬೇಕು ಅಂತ ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2017ರಲ್ಲಿ ಹೇಳಿತು, 2024ರಲ್ಲಿ ಮತ್ತೆ ಅದನ್ನೇ ಹೇಳಿತು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಅದೇ 26 ಗಂಟೆ, ಮೂರರಿಂದ ಹನ್ನೆರಡು ತಿಂಗಳ ಒಳಗೆ. ಇದು ಸುಮ್ನೆ ಬರೆದ ಸಂಖ್ಯೆ ಅಲ್ಲ. ಅದಕ್ಕಿಂತ ಕಡಿಮೆ ಸಮಯ ಕೊಟ್ಟ ಕಡೆ ಫಲ ಅಷ್ಟಾಗಿ ಕಾಣಲಿಲ್ಲ.

ಈಗ ಆ 26 ಗಂಟೆಯನ್ನು ನಿಮ್ಮ ಮನೆಗೆ ತನ್ನಿ. ಒಂದು ಸಲಕ್ಕೆ ಒಂದು ಗಂಟೆ ಅಂದರೆ 26 ಸಲ. ತುಮಕೂರಿನಿಂದ ಹೊರಟು ನೆಲಮಂಗಲ, ಪೀಣ್ಯ ದಾಟಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಎರಡೂವರೆ ಗಂಟೆ, ವಾಪಸ್ ಬರಲು ಅಷ್ಟೇ, ನಡುವೆ ಟೋಕನ್ ಹಿಡಿದು ಕಾಯುವುದು. ಒಂದು ಗಂಟೆಯ ಚಿಕಿತ್ಸೆಗೆ ಒಂದು ಇಡೀ ದಿನ. ಆ ದಿನ ಯಜಮಾನರ ಕೆಲಸ ತಪ್ಪುತ್ತದೆ ಅಥವಾ ನಿಮ್ಮದು ತಪ್ಪುತ್ತದೆ, ಮಗನ ಅರ್ಧ ದಿನದ ಶಾಲೆ ಹೋಗುತ್ತದೆ, ಇನ್ನೊಂದು ಮಗು ಇದ್ದರೆ ಅದನ್ನು ಯಾರಾದರೂ ನೋಡಿಕೊಳ್ಳಬೇಕು, ಸಂಜೆ ಟ್ಯೂಷನ್ ಹೋಗುತ್ತದೆ, ಮಧ್ಯಾಹ್ನದ ಊಟ ಹೊರಗಡೆ ಆಗುತ್ತದೆ. ತೂಕ ಇಳಿಸಲು ಹೋದ ದಿನವೇ ಬಸ್ ಸ್ಟ್ಯಾಂಡಿನಲ್ಲಿ ಪಫ್ ಮತ್ತು ಜ್ಯೂಸು, ಅಲ್ವಾ? ಕೆಲಸ ಮಾಡುವ ಪ್ರಮಾಣ ಯಾವುದೋ ಅದನ್ನೇ ಮನೆಯವರಿಗೆ ತೆಗೆದುಕೊಳ್ಳಲು ಆಗುವುದಿಲ್ಲ. ಇದು ಯಾವ ಊರಿನ ಕ್ಲಿನಿಕ್ಕೂ ಪೂರ್ತಿ ಬಿಡಿಸಿಕೊಳ್ಳದ ಗಂಟು. ಬಿಟ್ಟವರನ್ನು ಕೇಳಿದ ಅಧ್ಯಯನಗಳಲ್ಲಿ ದೂರ, ಸಮಯ ಹೊಂದದಿರುವುದು, ಕೆಲಸಕ್ಕೆ ಶಾಲೆಗೆ ರಜ ಹಾಕಬೇಕಾಗುವುದು ಮತ್ತೆ ಮತ್ತೆ ಬರುತ್ತವೆ. ಇಂಥ ಕಾರಣಕ್ಕೆ ಬಿಟ್ಟರೂ ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. 'ಮಗನಿಗಿಂತ ಕೆಲಸ ಹೆಚ್ಚಾಯಿತಾ' ಅಂತ ಯಾರಾದರೂ ಅಂದುಬಿಟ್ಟರೆ?

ಎರಡನೆಯದು ತೂಕದ ಯಂತ್ರ. ನನಗೆ ಹೊಟ್ಟೆ ಉರಿಯುವುದು ಇದರ ವಿಷಯದಲ್ಲೇ. ನಿಮ್ಮ ಮಗನ ಲೆಕ್ಕವನ್ನೇ ತೆಗೆದುಕೊಳ್ಳಿ. 139 ಸೆಂ.ಮೀ.ಗೆ 54 ಕೆಜಿ ಇದ್ದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ, ಸುಮಾರು 28. ಮಕ್ಕಳಿಗೆ ದೊಡ್ಡವರ ಅಳತೆ ನಡೆಯುವುದಿಲ್ಲ, ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ 5ರಿಂದ 18 ವರ್ಷದವರಿಗೆ ಮಾಡಿದ ಪಟ್ಟಿ ಇದೆ, ಅದರ ಪ್ರಕಾರ ಅವನು ಬೊಜ್ಜಿನ ಗೆರೆಗಿಂತ ಸಾಕಷ್ಟು ಮೇಲಿದ್ದಾನೆ. ಸರಿ. ಈಗ ಅವನು ಒಂದು ವರ್ಷದಲ್ಲಿ ಒಂದು ಕೆಜಿಯೂ ಇಳಿಯಲಿಲ್ಲ ಅಂದುಕೊಳ್ಳಿ, ಅದೇ 54ರಲ್ಲೇ ನಿಂತ. ಆದರೆ ಆರು ಸೆಂ.ಮೀ. ಎತ್ತರ ಬೆಳೆದ, ಆ ವಯಸ್ಸಿಗೆ ಅದು ಸಾಮಾನ್ಯ. ಆಗ ಬಿಎಂಐ 25.7. ಇನ್ನೂ ಗೆರೆಯ ಮೇಲೆಯೇ ಇದ್ದಾನೆ, ಆದರೂ 28ರಿಂದ 25.7ಕ್ಕೆ ಬಂದದ್ದು ನನ್ನ ದೃಷ್ಟಿಯಲ್ಲಿ ಬಹಳ ಒಳ್ಳೆಯ ಒಂದು ವರ್ಷ. ಬೆಳೆಯುವ ಮಗುವಿಗೆ ಎಷ್ಟೋ ಸಲ ತೂಕ ಇಳಿಯಬೇಕಾಗಿಯೇ ಇಲ್ಲ, ಏರದಿದ್ದರೆ ಸಾಕು, ಎತ್ತರ ಉಳಿದ ಕೆಲಸ ಮಾಡುತ್ತದೆ. ನಿಮ್ಮ ಮಗ ಮೂರು ತಿಂಗಳಲ್ಲಿ ಒಟ್ಟು ಅರ್ಧ ಕೆಜಿ ಇಳಿದಿದ್ದ. ಅದನ್ನು ಹೇಳಿ ಭೇಷ್ ಅನ್ನಬೇಕಿತ್ತು. 'ಸಹಕರಿಸುತ್ತಿಲ್ಲ' ಅಂದರು.

ಇದರ ಹಿಂದೆ ಯಾರ ದುರುದ್ದೇಶವೂ ಇರುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಯಂತ್ರದ ಮೇಲೆ ನಿಲ್ಲಿಸಿದರೆ ಹಾಗೆ ಆಗುತ್ತದೆ, ಅಷ್ಟೇ. ಒಂದು ಲೋಟ ನೀರು, ಎರಡು ದಿನದ ಮಲಬದ್ಧತೆ, ಹಿಂದಿನ ದಿನದ ಮದುವೆ ಊಟ ಸೇರಿದರೆ ಒಂದು ಕೆಜಿ ಅತ್ತಿತ್ತ ಆಗುತ್ತದೆ. ಅದನ್ನು ನೋಡಿ ಮನೆಯವರು ಹಿಗ್ಗುತ್ತಾರೆ, ಇಲ್ಲ ಕುಗ್ಗುತ್ತಾರೆ. ಕುಗ್ಗಿದ ಎರಡು ಭೇಟಿ ಸಾಲಾಗಿ ಬಂದರೆ ಮೂರನೆಯದಕ್ಕೆ ಯಾರೂ ಬರುವುದಿಲ್ಲ.

ಒಂದು ಹುಡುಗಿ ನೆನಪಾಗುತ್ತಾಳೆ. ಹನ್ನೊಂದು ವರ್ಷದವಳು. ನನ್ನ ಕೋಣೆಗೆ ಬಂದವಳು ತೂಕದ ಯಂತ್ರದ ಮುಂದೆ ನಿಂತು ಚಪ್ಪಲಿ ಬಿಟ್ಟಳು. ಆಮೇಲೆ ವಾಚು ಬಿಚ್ಚಿದಳು. ಕೂದಲಿನ ಎರಡು ಕ್ಲಿಪ್ಪು ತೆಗೆದಳು. ಇನ್ನೇನು ಹತ್ತಬೇಕು, ಆಗ ಜ್ಞಾಪಿಸಿಕೊಂಡು ಫ್ರಾಕಿನ ಜೇಬಿನಿಂದ ಒಂದು ಐದು ರೂಪಾಯಿ ನಾಣ್ಯ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹಿಂದೆ ನಿಂತಿದ್ದ ಅಮ್ಮ ಬಗ್ಗಿ ಯಂತ್ರದ ಅಂಕಿ ನೋಡುತ್ತಿದ್ದರು, ಮಗಳು ಅಮ್ಮನ ಮುಖ ನೋಡುತ್ತಿದ್ದಳು. ಅಂಕಿ ಆರುನೂರು ಗ್ರಾಂ ಜಾಸ್ತಿ ತೋರಿಸಿತು. ನಾಣ್ಯವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದಳು. ತೂಕಕ್ಕೆ ಅಂತ ಅವರು ಮತ್ತೆ ಬರಲಿಲ್ಲ. ಏಳೆಂಟು ತಿಂಗಳ ಮೇಲೆ ಜ್ವರ ಅಂತ ಬಂದರು. ಆವತ್ತು ಆ ಮಗು ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು, 'ಇವತ್ತು ತೂಕ ನೋಡ್ತೀರಾ?' ಜ್ವರದಿಂದ ಕಣ್ಣು ಕೆಂಪಾಗಿತ್ತು, ಆದರೂ ಅದೇ ಹೆದರಿಕೆ. ಆಮೇಲಿಂದ ನಾನು ಯಂತ್ರವನ್ನು ಪಕ್ಕದ ಕೋಣೆಗೆ ಹಾಕಿಸಿದೆ. ಅಂಕಿ ನರ್ಸ್ ಬರೆದುಕೊಳ್ಳುತ್ತಾರೆ, ಮಗುವಿನ ಮುಂದೆ ಯಾರೂ ಓದುವುದಿಲ್ಲ, ಮೂರು ತಿಂಗಳಿಗೊಮ್ಮೆ ಸಾಕು. ಆ ಮನೆಯವರು ಬಿಟ್ಟದ್ದಕ್ಕೆ ನಾನೇ ಕಾರಣ ಅನ್ನುವುದು ನನಗೆ ಗೊತ್ತು.

ಬೈಗುಳದ ವಿಷಯಕ್ಕೇ ಇನ್ನೊಂದು ಮಾತು. ಮಗು ದಪ್ಪ ಇದ್ದರೆ ನೋಡಿದವರೆಲ್ಲ ಮೊದಲು ತಾಯಿಯ ಕಡೆ ತಿರುಗುತ್ತಾರೆ, ಆಸ್ಪತ್ರೆಯಲ್ಲೂ ಅಷ್ಟೇ. ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಜನರನ್ನು ಆಲ್ಬರ್ಟ್ ಸ್ಟಂಕರ್ಡ್ ಮತ್ತು ಅವರ ಜೊತೆಯವರು ಅಧ್ಯಯನ ಮಾಡಿ 1986ರಲ್ಲಿ ಪ್ರಕಟಿಸಿದರು. ದತ್ತು ಹೋದವರ ಮೈಕಟ್ಟು ಸಾಕಿದವರನ್ನು ಹೋಲುತ್ತಿರಲಿಲ್ಲ, ಹೆತ್ತವರನ್ನು ಹೋಲುತ್ತಿತ್ತು. ಒಂದೇ ಅಡುಗೆ ಉಂಡು ಬೆಳೆದ ಅಣ್ಣ ಕಡ್ಡಿ, ತಮ್ಮ ಗುಂಡು ಅನ್ನುವುದನ್ನು ನಮ್ಮ ಮನೆಗಳಲ್ಲೇ ನೋಡುತ್ತೇವಲ್ಲ. ಹಾಗಂತ ಊಟಕ್ಕೂ ಆಟಕ್ಕೂ ಬೆಲೆ ಇಲ್ಲ ಅಂತಲ್ಲ, ಇಷ್ಟು ವರ್ಷದಲ್ಲಿ ಮಕ್ಕಳ ತೂಕ ಇಷ್ಟು ಏರಿದ್ದು ಜೀನ್ ಬದಲಾಗಿ ಅಲ್ಲ. 2022ರ ಹೊತ್ತಿಗೆ ಭಾರತದಲ್ಲಿ 5ರಿಂದ 19 ವರ್ಷದ ಸುಮಾರು 1.25 ಕೋಟಿ ಮಕ್ಕಳಿಗೆ ಬೊಜ್ಜು ಇತ್ತು. ಅಷ್ಟು ಮನೆಗಳ ಅಮ್ಮಂದಿರೆಲ್ಲ ಒಟ್ಟಿಗೆ ಅಜಾಗರೂಕರಾದರು ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ನಮ್ಮ ಕಡೆ ಕಾರ್ಯಕ್ರಮಗಳು ಮುರಿದುಬೀಳುವ ಜಾಗ ಇದೇ, ಆದರೆ ಅಜ್ಜಿಯರನ್ನು ಬೈಯುವವರ ಸಾಲಿಗೆ ನಾನು ಸೇರುವುದಿಲ್ಲ. ಅವರು ಕಂಡ ಕಾಲದಲ್ಲಿ ಮಗು ಸಣ್ಣಗಾದರೆ ಭಯಪಡಬೇಕಿತ್ತು. ಭೇದಿ, ದಡಾರ, ಕ್ಷಯ, ಎಲ್ಲಕ್ಕೂ ಮೊದಲ ಗುರುತು ಸೊರಗುವುದು. ಮೈ ಕೈ ತುಂಬಿಕೊಂಡ ಮಗು ಬದುಕುವ ಮಗು. ಆ ಭಯ ಇವತ್ತಿಗೂ ಪೂರ್ತಿ ಹಳೆಯದಾಗಿಲ್ಲ. 2016ರಿಂದ 18ರವರೆಗೆ ಕೇಂದ್ರ ಸರ್ಕಾರ ನಡೆಸಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಶೇ 5ರಷ್ಟು ಮಕ್ಕಳ ತೂಕ ಜಾಸ್ತಿ ಇತ್ತು, ಅದೇ ವಯಸ್ಸಿನ ಶೇ 24ರಷ್ಟು ಮಕ್ಕಳು ಬಡಕಲು. ಅಂಗನವಾಡಿಯಲ್ಲಿ ತೂಕ ನೋಡುವುದು ಮಗು ಏರಲಿ ಅಂತ, ಆಸ್ಪತ್ರೆಯಲ್ಲಿ ನೋಡುವುದು ಇಳಿಯಲಿ ಅಂತ. ಒಂದೇ ಬೀದಿಯಲ್ಲಿ ಎರಡೂ ನಡೆಯುವಾಗ ಅಜ್ಜಿ ಯಾವುದನ್ನು ನಂಬಬೇಕು?

ಅಂಥ ಮನೆಗೆ ಕ್ಲಿನಿಕ್ಕಿನಿಂದ ಒಂದು ಡಯಟ್ ಶೀಟ್ ಬರುತ್ತದೆ. ಬೆಳಗ್ಗೆ ಓಟ್ಸ್, ನಡುವೆ ಬಾದಾಮಿ, ಮಧ್ಯಾಹ್ನ ಬ್ರಾಕೊಲಿ, ರಾತ್ರಿ ಸೂಪು. ಮನೆಯಲ್ಲಿ ಮಿಕ್ಕವರಿಗೆ ಚಿತ್ರಾನ್ನ, ಈ ಒಬ್ಬನಿಗೆ ಓಟ್ಸ್. ಎಲೆ ಮುಂದೆ ಕೂತ ಮಗುವಿಗೆ 'ನಿನಗೆ ಬೇಡ' ಅನ್ನುವುದು ನಮ್ಮಲ್ಲಿ ಶಿಕ್ಷೆ ಕೊಟ್ಟ ಹಾಗೆ, ಅದನ್ನು ನೋಡಲು ಅಜ್ಜಿಗೆ ಆಗುವುದಿಲ್ಲ, ಕದ್ದು ಕೊಡುತ್ತಾರೆ. ಅಮ್ಮ ಕಾವಲು ಕಾಯುತ್ತಾಳೆ. ಅತ್ತೆ ಸೊಸೆ ನಡುವೆ ಮಾತು ಬೆಳೆಯುತ್ತದೆ. ಮಗುವಿಗೆ ಗೊತ್ತಾಗುತ್ತದೆ, ನನ್ನಿಂದ ಮನೆಯಲ್ಲಿ ಜಗಳ ಅಂತ. ಇಷ್ಟೆಲ್ಲ ಆದ ಮೇಲೆ ಯಾರೋ ಒಬ್ಬರು 'ಸಾಕು ಬಿಡು' ಅನ್ನಲೇಬೇಕು. ನಿಮ್ಮ ಯಜಮಾನರು ಅಂದರು. ಮನೆ ಶಾಂತಿಯಾಗಿರಲಿ ಅಂತ ಅಂದರು ಅನ್ನಿಸುತ್ತದೆ ನನಗೆ.

ನನ್ನ ಹತ್ತಿರ ಒಮ್ಮೆ ಅಜ್ಜಿಯೇ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಅಮ್ಮನಿಗೆ ರಜ ಸಿಕ್ಕಿರಲಿಲ್ಲ. ಡಯಟ್ ಶೀಟ್ ಕೊಡುವ ಮೊದಲು, ನೀವು ಚಿಕ್ಕವರಿದ್ದಾಗ ಸಂಜೆ ಏನು ತಿನ್ನುತ್ತಿದ್ದಿರಿ ಅಂತ ಕೇಳಿದೆ. ಬೇಯಿಸಿದ ಅವರೆಕಾಳು, ಹುರಿದ ಕಡಲೆಕಾಯಿ, ಸಜ್ಜೆ ರೊಟ್ಟಿ, ಕಾಲಕ್ಕೆ ತಕ್ಕ ಸೀಬೆ, ನೇರಳೆ ಅಂತ ಒಂದೇ ಉಸಿರಿಗೆ ಹೇಳಿದರು. ಈಗ ಸಂಜೆ ಶಾಲೆಯಿಂದ ಬಂದಾಗ ಏನು ಕೊಡುತ್ತೀರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬೇಕರಿಯಿಂದ ಏನಾದ್ರೂ ತರಿಸ್ತೀವಿ' ಅಂದರು. ನಾನು ಇನ್ನೇನೂ ಹೇಳಲಿಲ್ಲ, ಸಂಜೆ ಐದು ಗಂಟೆಯ ತಿಂಡಿ ಇನ್ನು ನಿಮ್ಮ ಜವಾಬ್ದಾರಿ ಅಂತ ಮಾತ್ರ ಅಂದೆ. ಆ ಮನೆಯವರು ಎರಡು ವರ್ಷ ಬಿಡದೆ ಬಂದರು. ಕಾಳು ಉಸಲಿಯ ಡಬ್ಬಿ ನನಗೂ ಒಂದೆರಡು ಸಲ ಬಂತು.

ಇದಕ್ಕೆ ಹಿಂದೆಯೇ ಒಳ್ಳೆಯ ಆಧಾರ ಇದೆ. ಲೆನರ್ಡ್ ಎಪ್‌ಸ್ಟೀನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳನ್ನು ಹತ್ತು ವರ್ಷದವರೆಗೆ ಗಮನಿಸಿ 1990ರಲ್ಲಿ ತೋರಿಸಿದ್ದು, ಮಗುವನ್ನು ಮಾತ್ರ ತಿದ್ದಲು ಹೋದದ್ದಕ್ಕಿಂತ ಅಪ್ಪ ಅಮ್ಮನೂ ಜೊತೆಗೆ ಬದಲಾದ ಮನೆಗಳ ಮಕ್ಕಳು ಚೆನ್ನಾಗಿ ಉಳಿದುಕೊಂಡರು ಅಂತ. ಅದಕ್ಕಿಂತ ನನಗೆ ಇಷ್ಟವಾದದ್ದು ಇಸ್ರೇಲಿನ ಮೋರಿಯಾ ಗೊಲಾನ್ ಅವರ ಕೆಲಸ, 1998ರದ್ದು. ಅವರು 6ರಿಂದ 11 ವರ್ಷದ 60 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮಕ್ಕಳು ಕ್ಲಿನಿಕ್ಕಿಗೆ ಬರುತ್ತಿದ್ದರು, ಇನ್ನೊಂದರಲ್ಲಿ ಅಪ್ಪ ಅಮ್ಮ ಮಾತ್ರ ಬರುತ್ತಿದ್ದರು, ಮಕ್ಕಳಿಗೆ ಭೇಟಿಯೇ ಇಲ್ಲ. ಮನೆಯಲ್ಲಿ ಏನು ತರಬೇಕು, ಹೇಗೆ ಬಡಿಸಬೇಕು, ಟಿವಿ ಮುಂದೆ ಊಟ ಹೇಗೆ ನಿಲ್ಲಿಸಬೇಕು, ಎಲ್ಲ ದೊಡ್ಡವರಿಗೇ ಕಲಿಸಿದರು. ದೊಡ್ಡವರು ಮಾತ್ರ ಬಂದ ಗುಂಪಿನ ಮಕ್ಕಳಲ್ಲಿ ಫಲ ಹೆಚ್ಚು ಕಂಡಿತು. ನಡುವೆ ಬಿಟ್ಟವರೂ ಆ ಗುಂಪಿನಲ್ಲಿ ಬಹಳ ಕಡಿಮೆ. ಯಾಕೆ ಅಂತ ಯೋಚಿಸಿದರೆ ಆಶ್ಚರ್ಯವೇನಿಲ್ಲ. ಬರಲ್ಲ ಅಂತ ಹಟ ಮಾಡುವ ಮಗು ಅಲ್ಲಿಲ್ಲ, ಬಸ್ಸಿನಲ್ಲಿ ಅಳುವ ಮಗು ಇಲ್ಲ, ತಪ್ಪುವ ಶಾಲೆ ಇಲ್ಲ. ಯಂತ್ರದ ಮೇಲೆ ಯಾರೂ ನಾಣ್ಯ ತೆಗೆದಿಟ್ಟು ಹತ್ತಬೇಕಾಗಿಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಇದು ಇಷ್ಟೇ ಸಲೀಸಾಗಿ ಹೊಂದುವುದಿಲ್ಲ, ಅವರು ಕೈಗೆ ದುಡ್ಡು ಸಿಕ್ಕರೆ ಬೇಕಾದ್ದು ಕೊಂಡು ತಿನ್ನುತ್ತಾರೆ. ನಿಮ್ಮ ಮಗನಿಗೆ ಹತ್ತು. ಸರಿಯಾದ ವಯಸ್ಸು.

ಇನ್ನೊಂದು ಕಾರಣದ ಬಗ್ಗೆ ನೀವೇನೂ ಬರೆದಿಲ್ಲ, ಆದರೂ ಕೇಳುತ್ತೇನೆ. ಆ ಐದು ಭೇಟಿಯಲ್ಲಿ ಯಾರಾದರೂ ನಿಮ್ಮ ಮಗನನ್ನು 'ನಿನಗೇನು ಬೇಕಪ್ಪ' ಅಂತ ಕೇಳಿದರಾ? ಶಾಲೆಯವರು ಕಳಿಸಿದರು, ನೀವು ಕರೆದುಕೊಂಡು ಹೋದಿರಿ, ಆಸ್ಪತ್ರೆಯವರು ಬಿಎಂಐ ನೋಡಿದರು. ಮಗುವಿಗೆ ಬಿಎಂಐ ಬೇಕಾಗಿಲ್ಲ. ಓಡಿದರೆ ಉಬ್ಬಸ ಬರಬಾರದು, ಕಬಡ್ಡಿಗೆ ಆರಿಸಿಕೊಳ್ಳಬೇಕು, ಕ್ಲಾಸಿನಲ್ಲಿ ಡುಮ್ಮ ಅನ್ನಬಾರದು, ಇಂಥದ್ದು ಏನೋ ಒಂದು ಇರುತ್ತದೆ. ಅದು ಸರಿಹೋಗುವ ಲಕ್ಷಣ ಕಂಡರೆ ಅವನೇ ಬರುತ್ತಾನೆ. ಅಪ್ಪ ಅಮ್ಮನಿಗೂ ಒಂದು ಗುಟ್ಟಾದ ಚಿಂತೆ ಇರುತ್ತದೆ, ನನ್ನ ಅನುಭವದಲ್ಲಿ ಎಷ್ಟೋ ಸಲ ಅದು ಕುತ್ತಿಗೆ. ಮಗುವಿನ ಕುತ್ತಿಗೆ ಹಿಂದೆ ಕಪ್ಪಾಗಿ, ದಪ್ಪಗೆ, ವೆಲ್ವೆಟ್ ಥರ ಆಗಿರುತ್ತದೆ. ಕೊಳೆ ಅಂತ ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಚರ್ಮ ಕೆಂಪಾದ ಮಕ್ಕಳನ್ನು ನೋಡಿದ್ದೇನೆ. ಅದು ಕೊಳೆ ಅಲ್ಲ, ಇನ್ಸುಲಿನ್ ಮೈಯಲ್ಲಿ ಸರಿಯಾಗಿ ಕೆಲಸ ಮಾಡದೆ ಜಾಸ್ತಿ ಸುರಿಯುತ್ತಿದೆ ಅನ್ನುವುದರ ಗುರುತು. ಉಜ್ಜಿದರೆ ಹೋಗುವುದಿಲ್ಲ, ತೂಕ ಹತೋಟಿಗೆ ಬಂದ ಹಾಗೆ ನಿಧಾನವಾಗಿ ತಿಳಿಯಾಗುತ್ತದೆ. ಇದನ್ನು ಐದು ನಿಮಿಷ ಕೂತು ಹೇಳಿದರೆ ಆ ಮನೆಯವರಿಗೆ ಮುಂದಿನ ಭೇಟಿಗೆ ಬರಲು ತಮ್ಮದೇ ಒಂದು ಕಾರಣ ಸಿಗುತ್ತದೆ. ಇಲ್ಲವಾದರೆ ಬೊಜ್ಜು ನೋಯುವುದಿಲ್ಲ, ಜ್ವರ ಬರಿಸುವುದಿಲ್ಲ, ಮಗು ಚೆನ್ನಾಗಿಯೇ ಓಡಾಡಿಕೊಂಡಿದೆ. ನೋವಿಲ್ಲದ ಕಾಯಿಲೆಗೆ ಆರು ತಿಂಗಳು ಅಲೆಯುವುದು ಯಾರಿಗೂ ಕಷ್ಟವೇ.

ದುಡ್ಡಿನ ವಿಷಯ ನಿಮಗೇ ಗೊತ್ತಿದೆ. ಸಾಮಾನ್ಯ ಆರೋಗ್ಯ ವಿಮೆ ಇಂಥ ಹೊರರೋಗಿ ಸಲಹೆಗೆ ದುಡ್ಡು ಕೊಡುವುದು ಅಪರೂಪ. ಇನ್ನು ನೀವು ಆರನೇ ಸಲ ಹೋಗದಿದ್ದಾಗ ಯಾರಾದರೂ ಫೋನ್ ಮಾಡಿದರಾ? ಮಾಡಿರಲಿಕ್ಕಿಲ್ಲ. ಒಂದು ಫೋನು, 'ಯಾಕೆ ಬರಲಿಲ್ಲ, ಏನು ತೊಂದರೆ ಆಯ್ತು' ಅನ್ನುವ ಒಂದು ಮಾತು ಎಷ್ಟೋ ಮನೆಗಳನ್ನು ವಾಪಸ್ ತರುತ್ತದೆ. ಇದು ನಮ್ಮಂಥವರು ಮಾಡಬೇಕಾದ ಕೆಲಸ.

ಮತ್ತೆ ಹೋಗಬೇಕಾ ಅಂತ ಕೇಳಿದ್ದೀರಿ. ಹೋಗಬೇಕು. ಆದರೆ ಹಿಂದೆ ಹೋದ ಹಾಗೆ ಬೇಡ.

ಮೊದಲು ತುಮಕೂರಿನಲ್ಲೇ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಒಂದು ಸಲ ತೋರಿಸಿ. ಬಿಪಿ ನೋಡಲಿ, ಸಕ್ಕರೆ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ ಮಾಡಿಸಲಿ, ಹತ್ತು ವರ್ಷ ಆಗಿ ಬೊಜ್ಜು ಇದ್ದರೆ ಇವು ಬೇಕು. ಎತ್ತರವನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಲು ಹೇಳಿ. ತಿಂದು ದಪ್ಪಗಾಗುವ ಮಗು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವಾಗಿಯೇ ಇರುತ್ತದೆ. ತೂಕ ಏರುತ್ತಾ ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್ ಅಥವಾ ಬೇರೆ ಹಾರ್ಮೋನಿನ ತೊಂದರೆ ಹುಡುಕಬೇಕು, ಅದಕ್ಕೆ ಡಯಟ್ ಶೀಟ್ ಸಾಲದು. ಕೆಲವಕ್ಕೆ ಕಾಯಲೇಬಾರದು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಆಗುವುದು, ವಿಪರೀತ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುವುದು, ತಲೆನೋವಿನ ಜೊತೆ ದೃಷ್ಟಿ ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ವಾರವೇ ಡಾಕ್ಟರ ಹತ್ತಿರ ಹೋಗಿ. ಗೊರಕೆಯನ್ನು ಎಲ್ಲರೂ 'ಚೆನ್ನಾಗಿ ನಿದ್ದೆ ಮಾಡ್ತಾನೆ' ಅಂತ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ.

ಈಗ ಬಂದಿರುವ ತೂಕದ ಚುಚ್ಚುಮದ್ದಿನ ಬಗ್ಗೆ ಯಾರಾದರೂ ಹೇಳಿದ್ದರೆ, ಅಮೆರಿಕದ ಮಾರ್ಗಸೂಚಿಯಲ್ಲೂ ಔಷಧಿಯ ಮುಖ್ಯ ಸಲಹೆ ಇರುವುದು 12 ವರ್ಷದಿಂದ ಮೇಲಿನವರಿಗೆ. ನಿಮ್ಮ ಮಗನಿಗೆ ಈಗ ಅದರ ಮಾತು ಬೇಡ.

ಆಮೇಲೆ ಆ ಬೆಂಗಳೂರಿನ ಆಸ್ಪತ್ರೆಗೆ ಒಂದು ಫೋನ್ ಮಾಡಿ. ಬೇಜಾರು ಮಾಡಿಕೊಳ್ಳಬೇಡಿ, ಬಿಟ್ಟು ವಾಪಸ್ ಬರುವವರು ಅವರಿಗೆ ಹೊಸಬರಲ್ಲ. ನೇರವಾಗಿ ಕೇಳಿ: ಎರಡು ಮೂರು ಭೇಟಿಗೆ ಒಂದು ಸಲ ಬಂದು ಉಳಿದದ್ದು ವಿಡಿಯೋ ಕಾಲ್‌ನಲ್ಲಿ ಆಗುತ್ತದಾ? ಮಗನನ್ನು ಬಿಟ್ಟು ನಾವಿಬ್ಬರೇ ಬರಬಹುದಾ? ತೂಕವನ್ನು ಇಲ್ಲೇ ನಮ್ಮ ಡಾಕ್ಟರ ಹತ್ತಿರ ಮೂರು ತಿಂಗಳಿಗೊಮ್ಮೆ ನೋಡಿಸಿ ಕಳಿಸಿದರೆ ಸಾಕಾ? ಮನೆಯಲ್ಲಿ ಮಾಡುವ ಅಡುಗೆಯನ್ನೇ ಇಟ್ಟುಕೊಂಡು ಬದಲಾವಣೆ ಹೇಳುತ್ತೀರಾ? ಇವಕ್ಕೆ ಆಗುತ್ತದೆ ಅಂದರೆ ಹೋಗಿ. ಯಾವುದಕ್ಕೂ ಆಗುವುದಿಲ್ಲ ಅಂದರೆ, ಆರು ತಿಂಗಳಲ್ಲಿ ಇನ್ನೊಮ್ಮೆ ಬಿಡುವುದಕ್ಕಿಂತ ನಿಮ್ಮ ಊರಿನ ಡಾಕ್ಟರ ಜೊತೆಯೇ ವರ್ಷಗಟ್ಟಲೆ ನಿಧಾನವಾಗಿ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. 26 ಗಂಟೆ ಸಿಗಲಿಕ್ಕಿಲ್ಲ, ನಿಜ. ಆದರೆ ಯಾರೂ ಹೋಗದೆ ಉಳಿದ 26 ಗಂಟೆಯಿಂದ ಮಗುವಿಗೆ ಏನೂ ಸಿಗುವುದಿಲ್ಲ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೂ ಎಲ್ಲರಿಗೂ. ಮೊದಲು ಸಿಹಿ ಪಾನೀಯದಿಂದ ಶುರು ಮಾಡಿ ಅಂತ ಹೇಳುತ್ತೇನೆ. ಬಾಟಲಿ ಜ್ಯೂಸು, ಕೋಲಾ, ದಿನಕ್ಕೆರಡು ಸಲ ಸಕ್ಕರೆ ಹಾಕಿದ ಹಾಲಿನ ಪುಡಿ, ಇವು ಮನೆಗೆ ಬರುವುದು ನಿಂತರೆ ಯಾರ ಎಲೆಯಿಂದಲೂ ಏನನ್ನೂ ಕಿತ್ತುಕೊಂಡ ಹಾಗೆ ಆಗುವುದಿಲ್ಲ, ಅಜ್ಜಿಗೂ ಬೇಜಾರಿಲ್ಲ. ಅದು ರೂಢಿಯಾಗಲು ಒಂದು ತಿಂಗಳು ಕೊಡಿ. ಮುಂದಿನ ತಿಂಗಳು ಮೊಬೈಲು ಟಿವಿ ಇಲ್ಲದೆ ಊಟ, ಅಪ್ಪನೂ ಸೇರಿ. ಆಮೇಲೆ ನಿದ್ದೆ, ಈ ವಯಸ್ಸಿಗೆ ಒಂಬತ್ತು ಗಂಟೆಯಾದರೂ ಬೇಕು, ರಾತ್ರಿ ಹನ್ನೊಂದರವರೆಗೆ ಎದ್ದಿರುವ ಮಗುವಿಗೆ ಹಸಿವೂ ಜಾಸ್ತಿ. ಆಟ ದಿನಕ್ಕೆ ಒಂದು ಗಂಟೆ, ಅವನಿಗೆ ಇಷ್ಟವಾದದ್ದೇ ಆಗಲಿ, ಜಿಮ್ಮು ಗಿಮ್ಮು ಬೇಡ. ಮುದ್ದೆ, ಸೊಪ್ಪಿನ ಸಾರು, ಕಾಳಿನ ಹುಳಿ ನಿಮ್ಮ ಮನೆಯಲ್ಲೇ ಇದೆ, ಅನ್ನ ಬಡಿಸುವ ಸೌಟು ಚಿಕ್ಕದಾದರೆ ಸಾಕು, ಬ್ರಾಕೊಲಿ ಹುಡುಕಿಕೊಂಡು ಹೋಗಬೇಡಿ. ನಡುವೆ ಹಬ್ಬ ಬರುತ್ತದೆ, ಮದುವೆ ಬರುತ್ತದೆ, ಪರೀಕ್ಷೆ ಬರುತ್ತದೆ, ಎಲ್ಲ ತಪ್ಪುತ್ತದೆ. ತಪ್ಪಿದ ವಾರದ ಮೇಲೆ ಮತ್ತೆ ಶುರು ಮಾಡಿ, ಯಾರ ಮೇಲೂ ಕೂಗಾಡಬೇಡಿ. ಅವನ ಎದುರು ತೂಕ, ದಪ್ಪ, ಕೆಜಿ ಅನ್ನುವ ಮಾತೇ ಸ್ವಲ್ಪ ದಿನ ಬರದಿರಲಿ.

ಆಸ್ಪತ್ರೆಯವರು ದೊಡ್ಡವರೇ ಬನ್ನಿ ಅಂತ ಒಪ್ಪಿದರೆ, ಮೊದಲ ಸಲ ಹೋಗುವಾಗ ನಿಮ್ಮ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಡಯಟೀಷಿಯನ್ ಮುಂದಿನ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ಮನೆಯಲ್ಲಿ ಏನು ಅಡುಗೆ ಅಂತ ಅವರೇ ಹೇಳಲಿ. ಮಗ ಆ ಶನಿವಾರ ಅಪ್ಪನ ಜೊತೆ ತುಮಕೂರಿನಲ್ಲೇ ಇರಲಿ, ಮೈದಾನದಲ್ಲಿ.